ಮೂರನೆಯ ಕರೆ

"ಗೋಪಿನಾಥರಾಯರ ಹೆಸರು ಹಿಡದು ಯಾರರ ಕರದ್ರ ನೀವು ಓ ಅನ್ನಬ್ಯಾಡ್ರಿ ಸಾಹೇಬ್ರ. ಮೂರು ಸಲ ಕರದ್ರಷ್ಟ ಮನಷ್ಯಾರು ಅಂತ ತಿಳೀರಿ."

ಚಹಾ ಆರದಿರಲೆಂದು ಲೋಟದ ಮೇಲೆ ಬಸಿ ಮುಚ್ಚುತ್ತ ಚನ್ನಬಸಪ್ಪ ಹೇಳಿದರು. ಹೈದರಾಬಾದಿನ ಕೋಠಿಯ ಒಂದು ಗಲ್ಲಿಯಲ್ಲಿ, ಔಷಧಿ ಗೋದಾಮಿನ ಮೇಲಿನ ಮಹಡಿಯಲ್ಲಿದ್ದ ಆ ಚದುರಂಗ ಕ್ಲಬ್ಬಿಗೆ ಅವರು ಹತ್ತೊಂಬತ್ತು ವರ್ಷದಿಂದ ಕಾರ್ಯದರ್ಶಿ. ಸದಸ್ಯರು ಹನ್ನೆರಡು ಮಂದಿ, ಎಲ್ಲರೂ ಕನ್ನಡದವರು, ಬಹುತೇಕ ನಿವೃತ್ತರು. ಕೋಣೆಗೆ ಹಳೆಯ ಕಾಗದದ ವಾಸನೆ. ಮೆಟ್ಟಿಲಿಂದ ಸ್ಪಿರಿಟ್ಟಿನ, ಕಹಿ ಮಾತ್ರೆಗಳ ವಾಸನೆ.

"ಎರಡು ಸಲ ಕರೆದರೆ?" ರವಿಕಿರಣ ನಗು ತಡೆದುಕೊಂಡು ಕೇಳಿದ.

"ಮೂರನೇದು ಅದಕ್ಕ ಬರಂಗಿಲ್ರಿ. ಎರಡಕ್ಕ ಉಸುರು ತೀರತೈತಿ."

"ಯಾವುದಕ್ಕೆ?"

ಚನ್ನಬಸಪ್ಪ ಒಮ್ಮೆ ಬಾಗಿಲ ಕಡೆ ನೋಡಿದರು. "ಭಾನಾಮತಿ," ಎಂದರು, ಕಾಯಿಲೆ ಮಲಗಿದವರ ಹೆಸರು ಹೇಳುವ ಹಾಗೆ ಮೆಲ್ಲಗೆ.

ಈಗ ರವಿಕಿರಣನಿಗೆ ನಗು ತಡೆಯಲಾಗಲಿಲ್ಲ. ತುಮಕೂರಿನ ಕಡೆಯವನು, ರಕ್ಷಣಾ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ವರ್ಗವಾಗಿ ಹೈದರಾಬಾದಿಗೆ ಬಂದು ಮೂರು ವಾರವಾಗಿತ್ತು. ಕಾಲೇಜಿನಲ್ಲಿದ್ದಾಗ ವಿಶ್ವವಿದ್ಯಾಲಯದ ತಂಡದಲ್ಲಿ ಚದುರಂಗ ಆಡಿದ್ದವನು. ಪಕ್ಕದಲ್ಲಿ ನಿಂತಿದ್ದ ಎಂಟು ವರ್ಷದ ಮಗಳ ಜಡೆ ಎಳೆದು ಕೇಳಿದ: "ಭಕ್ತೀ, ನಮ್ಮನೆ ನಿಯಮ ಏನು? ಅಜ್ಜನಿಗೆ ಹೇಳು."

"ಮೊದಲನೇ ಸಲಕ್ಕೇ ಓ ಅನ್ನಬೇಕು."

"ಯಾರು ಕರೆದರೂ?"

"ಯಾರು ಕರೆದರೂ. ಹೆಸರು ಕೇಳಿದರೆ ಪೂರ್ತಿ ಹೆಸರು ಹೇಳಬೇಕು."

"ಶಾಣ್ಯಾ ಕೂಸು," ಎಂದರು ಚನ್ನಬಸಪ್ಪ. ಆದರೆ ಅವರ ಮುಖ ನಗಲಿಲ್ಲ.

ಆ ಕ್ಲಬ್ಬು ಭಾನುವಾರ ತೆರೆಯುತ್ತಿತ್ತು. ಅದು ಬಿಟ್ಟರೆ ತಿಂಗಳಿಗೊಮ್ಮೆ ಅಮಾವಾಸ್ಯೆಯ ದಿನ, ಯಾವ ವಾರವೇ ಬರಲಿ, ಸಂಜೆ ನಾಲ್ಕರಿಂದ ಏಳರವರೆಗೆ. ಹಲಗೆಯ ಮೇಲೆ ಹಾಗೆಂದು ಬರೆದೇ ಹಾಕಿದ್ದರು. ಅದನ್ನು ಓದಿ ರವಿಕಿರಣ ಮೊದಲೊಮ್ಮೆ ನಕ್ಕಿದ್ದ. ಈ ಸಲ ಅಮಾವಾಸ್ಯೆ ಭಾನುವಾರವೇ ಬಿದ್ದಿತ್ತು. ಗೋಪಿನಾಥರಾಯರ ಎದುರು ಕೂರುವ ಪಾಳಿಯವರಿಗೆ ಜ್ವರ. ಚನ್ನಬಸಪ್ಪನವರಿಗೆ ಕಣ್ಣಿನ ಆಪರೇಷನ್ ಆಗಿ ವಾರವಾಗಿತ್ತು, ಕಾಯಿಗಳು ಕಾಣುತ್ತಿರಲಿಲ್ಲ. ಹೀಗಾಗಿ ಹೊಸಬನನ್ನು ಕೂರಿಸಬೇಕಾಯಿತು.

ಗೋಪಿನಾಥರಾಯರು ಎಪ್ಪತ್ತರ ಸಣಕಲು ಮನುಷ್ಯ. ಸೆಕೆಯಲ್ಲೂ ಹೆಗಲ ಮೇಲೆ ಬೂದು ಬಣ್ಣದ ಶಾಲು. ಬಲಗೆನ್ನೆಯೊಳಗೆ ಏನನ್ನೋ ಒತ್ತಿ ಹಿಡಿದಿದ್ದರು. ಲವಂಗದ ಖಾರ ವಾಸನೆ ಎದುರು ಕೂತವನಿಗೂ ಬರುತ್ತಿತ್ತು. ರವಿಕಿರಣನ ಹೆಂಡತಿ ವರ್ಷಾ ಶಾಲೆಯ ಪುಸ್ತಕ ಕೊಳ್ಳಲು ಭಕ್ತಿಯನ್ನು ಕರೆದೊಯ್ಯಲು ಬಂದಾಗ, ಅವರು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಮಗುವಿಗೆ ಎರಡು ಉಸ್ಮಾನಿಯಾ ಬಿಸ್ಕತ್ತು ಕೊಟ್ಟರು. ತಮಗೆ ಒಂದನ್ನೂ ಇಟ್ಟುಕೊಳ್ಳಲಿಲ್ಲ. ಮಾತು ಮಾತ್ರ ಆಡಲಿಲ್ಲ.

ಆಟ ಶುರುವಾಯಿತು.

ಅದು ಆಟವೇ ಆಗಿರಲಿಲ್ಲ. ರಾಯರ ಕಣ್ಣು ಮಣೆಯ ಮೇಲೆ ಅರೆಗಳಿಗೆ ಇದ್ದರೆ ಬಾಗಿಲ ಮೇಲೆ ಎರಡು ಗಳಿಗೆ. ಯಾರದೋ ಚಪ್ಪಲಿ ಮೆಟ್ಟಿಲ ಮೇಲೆ ಸದ್ದು ಮಾಡಿದರೆ ಅವರ ಕೈ ಗಾಳಿಯಲ್ಲೇ ನಿಲ್ಲುತ್ತಿತ್ತು. ಕುದುರೆ ಎತ್ತಲು ಹೋದವರು ಒಂಟೆಯನ್ನು ಮುಟ್ಟಿ, ತಪ್ಪಾಯಿತೆಂದು ಕೈ ಹಿಂದೆ ತೆಗೆದರು.

"ಇಲ್ಲ ಸಾರ್, ಮುಟ್ಟಿದ ಕಾಯಿ ನಡೆಸಲೇಬೇಕು," ಎಂದ ರವಿಕಿರಣ.

ಪಕ್ಕದ ಮಣೆಯಲ್ಲಿದ್ದವರು ತಲೆ ಎತ್ತಿ ನೋಡಿದರು. ರಾಯರು ತಲೆಯಾಡಿಸಿ ಒಂಟೆಯನ್ನೇ ನಡೆಸಿದರು. ಅಲ್ಲಿಗೆ ಅವರ ಮಂತ್ರಿ ಹೋಯಿತು. ಬೇಸರದ ಸುಳಿವೂ ಅವರಲ್ಲಿ ಕಾಣಲಿಲ್ಲ. ರವಿಕಿರಣನಿಗೆ ಅದೇ ರೇಗಿಸಿತು. ಸೋಲುವವನು ಸೋಲನ್ನಾದರೂ ನೋಡಬೇಡವೇ?

ಆರೂಕಾಲು. ಕಿಟಕಿಯ ಬೆಳಕು ಕಂದಿತು. ಕೆಳಗಿನ ರಸ್ತೆಯಲ್ಲಿ ಆಟೋಗಳ ಹಾರನ್ನು, ಬಸ್ಸಿನ ಕಂಡಕ್ಟರನ ಕೂಗು ಇದ್ದಕ್ಕಿದ್ದಂತೆ ದೂರವಾದವು. ಒಬ್ಬರು ಎದ್ದು ಮೆಟ್ಟಿಲ ದೀಪ ಹಾಕಿ ಬಂದರು. ಇನ್ನೊಬ್ಬರು ರಾಯರ ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂತರು. ರಾಯರ ಹಣೆಯ ಮೇಲೆ ಬೆವರು ಸಾಲಾಗಿ ನಿಂತಿತ್ತು.

ಇನ್ನು ಮೂರು ನಡೆ ಸಾಕು, ಆಟ ಮುಗಿಯುತ್ತಿತ್ತು. ರಾಯರು ನಡೆಸಬೇಕಾಗಿತ್ತು. ಐದು ನಿಮಿಷವಾಯಿತು. ಹತ್ತಾಯಿತು.

"ಗೋಪಿನಾಥಾ..."

ಕೆಳಗಿಂದ ಬಂದದ್ದು ಸಾಮಾನ್ಯ ದನಿ. ಮನೆಯಿಂದ ಯಾರೋ ಕರೆಯಲು ಬಂದ ಹಾಗೆ.

ಕೋಣೆಯಲ್ಲಿ ಎಲ್ಲರ ಕೈಗಳೂ ನಿಂತವು. ರಾಯರು ಕಣ್ಣು ಮುಚ್ಚಿದರು. ಹಲ್ಲಿನ ನಡುವೆ ಲವಂಗ ಪುಡಿಯಾದ ಸದ್ದು ಕೇಳಿಸಿತು.

"ಗೋಪಿನಾಥಾ..."

ಯಾರಿಗೂ ಓಗೊಡುವಷ್ಟು ಸೌಜನ್ಯವಿಲ್ಲ ಎಂದುಕೊಂಡ ರವಿಕಿರಣ. ಚನ್ನಬಸಪ್ಪ ಅವನತ್ತ ಜೋರಾಗಿ ತಲೆ ಅಲ್ಲಾಡಿಸುತ್ತಿದ್ದರು. ಅವನಿಗೆ ಅದೂ ಹುಚ್ಚಾಟವಾಗಿ ಕಂಡಿತು. ಕುರ್ಚಿಯಲ್ಲೇ ತಿರುಗಿ ಕೂಗಿದ: "ಇಲ್ಲೇ ಇದ್ದಾರೆ! ಬನ್ನಿ ಮೇಲೆ!"

ಯಾರದೋ ಕೈಯಿಂದ ಲೋಟ ಬಿತ್ತು.

"ಓಗೊಟ್ಟವರು ಯಾರು?" ದನಿ ಮೆಲ್ಲಗೆ ಕೇಳಿತು. ಈಗ ಅದು ಬಾಗಿಲಿನಾಚೆಯೇ ಇತ್ತು.

"ನಾನು ರವಿಕಿರಣ."

ಆಚೆ ಯಾರೋ ದೀರ್ಘವಾಗಿ ಉಸಿರೆಳೆದುಕೊಂಡರು. ಸುಟ್ಟ ಕೂದಲು, ಒದ್ದೆ ಬೂದಿ, ಹಳಸಿದ ಅರಿಸಿನ ಮೂರೂ ಬೆರೆತ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂತು. ರವಿಕಿರಣ ಎದ್ದು ಹೋಗಿ ಬಾಗಿಲು ತೆರೆದ. ಮೆಟ್ಟಿಲ ಮೇಲೆ ದೀಪ ಉರಿಯುತ್ತಿತ್ತು. ಯಾರೂ ಇರಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಬೂದಿಯ ಎರಡು ಹೆಜ್ಜೆ ಇದ್ದವು. ಅವುಗಳ ಬೆರಳು ಕೋಣೆಯ ಕಡೆಗಿದ್ದವು.

ತಿರುಗಿ ಬಂದಾಗ ರಾಯರು ಅಳುತ್ತಿದ್ದರು.

"ಯಾಕ ಓ ಅಂದ್ರಿ? ಅದು ನನ್ನ ಬಿಟ್ಟು ನಿಮ್ಮ ಹೆಸರು ಹಿಡದದ, ನನ್ನ ಕಿವಿ ಖಾಲಿ ಆಗ್ಯದ. ಹನ್ನೊಂದು ವರ್ಷದಾಗ ಇದ ಎರಡನೇ ಸಲ. ಯಾಕ ಓ ಅಂದ್ರಿ, ಮಗನ?"

ಅವರು ಹೇಳಿದ್ದಿಷ್ಟು. ತಾಂಡೂರಿನ ಕಡೆ ತಹಸೀಲ ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ, ಮಾಟ ಮಾಡಿ ಒಬ್ಬ ಬಾಣಂತಿಯ ಪ್ರಾಣ ತೆಗೆದವನ ವಿರುದ್ಧ ಕಂಡದ್ದು ಕಂಡ ಹಾಗೆ ಸಾಕ್ಷಿ ನುಡಿದಿದ್ದರು. ಪೊಲೀಸರು ಒಯ್ಯುವಾಗ ಅವನು ಇವರ ಹೆಸರು ಕೇಳಿದ. "ಕೇಳಿದವ್ರಿಗೆ ಹೆಸರು ಹೇಳಬೇಕಲ್ಲ. ಹೇಳಿದೆ." ಅವನು ಜೈಲಿನಲ್ಲೇ ಸತ್ತ. ಅದಾದ ಮೇಲಿನ ಅಮಾವಾಸ್ಯೆಗೆ ಬಾಗಿಲಲ್ಲಿ ಕರೆ ಬಂತು. ರಾಯರು ಊಟಕ್ಕೆ ಕೂತಿದ್ದರು. ಹೆಂಡತಿ ಸಾವಿತ್ರಿ, ಎಲ್ಲ ಹೆಂಗಸರೂ ಮಾಡುವ ಹಾಗೆ, ಅಡುಗೆಮನೆಯಿಂದಲೇ "ಅದಾರ್ರಿ, ಬರ್ತಾರ ತಡೀರಿ" ಎಂದು ಓಗೊಟ್ಟರು. ಯಾರೆಂದು ಕೇಳಿದ್ದಕ್ಕೆ ಹೆಸರೂ ಹೇಳಿದರು. ಮುಂದಿನ ಅಮಾವಾಸ್ಯೆಗೆ ಅದು ಸಾವಿತ್ರಿಯನ್ನೇ ಕರೆಯಿತು. ಆಕೆ ಓ ಎಂದು ಎದ್ದು ಹೋದರು. ಮೆಟ್ಟಿಲ ಮೇಲೆ ಸಿಕ್ಕಾಗ ಬಾಯಿ ತುಂಬ ಬೂದಿ. ಆಮೇಲೆ ಕರೆ ಮತ್ತೆ ರಾಯರಿಗೇ ತಿರುಗಿತು.

"ಒಬ್ಬನ ಇದ್ರ ಬಾಯಿ ತಪ್ಪಿ ಓ ಅಂದಗಿಂದೀನಂತ ಇವ್ರು ಇಲ್ಲಿ ಕೂಡಸ್ಕೋತಾರ. ಇದು ಆಟ ಅಲ್ರಿ, ಕಾವಲು."

ರವಿಕಿರಣ ಸುತ್ತ ನೋಡಿದ. ಹನ್ನೊಂದು ವರ್ಷ ಪಾಳಿಯ ಮೇಲೆ ಬಂದು ಕೂತ ಮುದುಕರು ಒಬ್ಬರೂ ಅವನನ್ನು ಬೈಯಲಿಲ್ಲ. ಒಬ್ಬರು ಬಿದ್ದ ಲೋಟದ ಚೂರುಗಳನ್ನು ಅವನ ಕಾಲಿಗೆ ತಾಗದಂತೆ ಆರಿಸುತ್ತಿದ್ದರು.

"ಮೂಢನಂಬಿಕೆ," ಎಂದು ಅವನು ಚಪ್ಪಲಿ ಮೆಟ್ಟಿದ. ತಾನು ಗೆದ್ದೆನೋ ಇಲ್ಲವೋ ಎಂದು ಮಣೆಯತ್ತ ನೋಡುವುದನ್ನು ಮರೆತಿದ್ದ.

ಆ ತಿಂಗಳು ಅವನಿಗೆ ಒಂದು ಕಡೆ ಕೂರಲಾಗಲಿಲ್ಲ. ಬೆಳಗ್ಗೆ ದಿಂಬಿನ ಮೇಲೆ ಚಿಟಿಕೆ ಬೂದಿ. ಎದುರು ಕಟ್ಟಡದ ಸಿಮೆಂಟು ಧೂಳು ಎಂದುಕೊಂಡ. ಕಾರ್ಖಾನೆಯಲ್ಲಿ ಯಾರಾದರೂ ಹೆಸರು ಕೂಗಿದರೆ ಬೆನ್ನು ಸೆಟೆಯುತ್ತಿತ್ತು. ತನಗೇ ತಿಳಿಯದಂತೆ ಎಣಿಸುತ್ತಿದ್ದ. ಒಂದು. ಎರಡು. ಮೂರನೆಯದು ಬಂದ ಮೇಲೆ ನೆಮ್ಮದಿಯಿಂದ ತಿರುಗುತ್ತಿದ್ದ. ಮಗಳಿಗೆ ಹೊಸ ನಿಯಮ ಹೇಳಿಕೊಡಬೇಕು ಎಂದು ಎಷ್ಟೋ ಸಲ ಬಾಯಿ ತೆರೆದ. ಹೇಳಿದರೆ ತಾನು ನಂಬಿದಂತಾಗುತ್ತದೆ. ಸುಮ್ಮನಾದ. ವರ್ಷಾಳಿಗೂ ಹೇಳಲಿಲ್ಲ. "ಭಕ್ತೀ" ಎಂದರೆ ಸಾಕು, "ಓ ಅಪ್ಪಾ" ಎಂದು ಮನೆಯ ಯಾವ ಮೂಲೆಯಿಂದಲಾದರೂ ದನಿ ಬರುತ್ತಿತ್ತು.

ಮುಂದಿನ ಅಮಾವಾಸ್ಯೆ ಮಂಗಳವಾರ ಬಂತು. ಅರ್ಧ ದಿನ ರಜೆ ಹಾಕಿ, ಎಲ್ಲಿಗೆಂದು ಹೇಳದೆ, ನಾಲ್ಕಕ್ಕೆ ಮುಂಚೆಯೇ ಕ್ಲಬ್ಬಿನ ಮೆಟ್ಟಿಲು ಹತ್ತಿದ.

ಯಾರೂ ಆಶ್ಚರ್ಯಪಡಲಿಲ್ಲ. ಚನ್ನಬಸಪ್ಪ ಬಿಸ್ಕತ್ತಿನ ಖಾಲಿ ಡಬ್ಬ ಮುಂದೆ ಹಿಡಿದರು. ಅಮಾವಾಸ್ಯೆಯ ದಿನ ಎಲ್ಲರ ಫೋನುಗಳೂ ಸದ್ದಡಗಿಸಿ ಅದರೊಳಗೆ ಹೋಗುತ್ತಿದ್ದವು. ಗೋಪಿನಾಥರಾಯರು ಗೋಡೆಯ ಕಡೆಯ ಕುರ್ಚಿಯನ್ನು ಅವನಿಗೆ ಬಿಟ್ಟು, ಬಾಗಿಲ ಪಕ್ಕದ ಕುರ್ಚಿಯಲ್ಲಿ ತಾವು ಕೂತರು. ನಾಲ್ಕು ಲವಂಗ ಅವನ ಅಂಗೈಯಲ್ಲಿಟ್ಟು, ತಾವೂ ಎರಡು ಬಾಯಿಗೆ ಹಾಕಿಕೊಂಡರು.

"ಹಲ್ಲಿನಾಗ ಹಿಡೀರಿ. ನಾಲಿಗಿ ಉರೀಲಿಕ್ಕತ್ತಿದ್ರ ಮಾತು ಹೊರಗ ಬರೂದಿಲ್ಲ. ನೀವು ಮಣಿ ನೋಡ್ರಿ. ಬಾಗಲಾ ನಾ ನೋಡ್ತೀನಿ."

ಮಣೆ ನೋಡಲಾಗಲಿಲ್ಲ. ಕುದುರೆ ಯಾವುದು, ಆನೆ ಯಾವುದು ತಿಳಿಯಲಿಲ್ಲ. ತಪ್ಪು ಕಾಯಿ ಮುಟ್ಟಿದ. ರಾಯರು ಕಾಣದವರಂತೆ ಕಿಟಕಿಯ ಕಡೆ ಮುಖ ತಿರುಗಿಸಿ, ಅವನು ಕೈ ಹಿಂದೆ ತೆಗೆಯುವವರೆಗೆ ಕಾದರು.

ಆರೂಕಾಲು. ರಸ್ತೆಯ ಸದ್ದು ದೂರ ಸರಿಯಿತು.

"ರವಿಕಿರಣಾ..."

ಅವನ ತೀರಿಹೋದ ತಾಯಿಯ ದನಿ. ಹಾಲು ಕಾಸಿಟ್ಟು ಕರೆಯುವ ದನಿ. ಎದೆಯೊಳಗಿಂದ ಓ ಎಂಬುದು ತಾನಾಗಿ ಎದ್ದು ಗಂಟಲಿಗೆ ಬಂತು. ಲವಂಗ ಕಚ್ಚಿದ. ಕಣ್ಣಲ್ಲಿ ನೀರು.

"ರವಿಕಿರಣಾ..."

ರಾಯರು ಮಣೆಯ ಮೇಲಿಂದ ಕೈ ಚಾಚಿ ಅವನ ಮುಂಗೈ ಹಿಡಿದರು. ಒಣಗಿದ, ಬೆಚ್ಚಗಿನ ಕೈ. ಮೂರನೆಯದು ಬರಲಿಲ್ಲ. ಒಂದು ನಿಮಿಷ. ಎರಡು. ಎಲ್ಲರೂ ಮೆಲ್ಲಗೆ ಉಸಿರು ಬಿಟ್ಟರು.

ಆಗ ಕೆಳಗಿನ ತಿರುವಿನಲ್ಲಿ ಪುಟ್ಟ ಚಪ್ಪಲಿಗಳ ಸದ್ದು ಕೇಳಿಸಿತು.

ವರ್ಷಾ ಹೋದ ತಿಂಗಳು ಕೊಂಡ ಪುಸ್ತಕ ಬದಲಿಸಲು ಕೋಠಿಗೆ ಬಂದಿದ್ದಳು. ಗಂಡ ಕಾರ್ಖಾನೆಯಲ್ಲಿಲ್ಲ ಎಂದು ತಿಳಿದು ಅವನಿಗೆ ಮೂರು ಸಲ ಫೋನು ಮಾಡಿದ್ದಳು. ಮೂರೂ ಕರೆ ಡಬ್ಬದೊಳಗೆ ಬೆಳಗಿ ಆರಿದ್ದವು. ಅಮಾವಾಸ್ಯೆಗೂ ಕ್ಲಬ್ಬು ಇರುತ್ತದೆ ಎಂದು ಅವನು ನಗುತ್ತ ಹೇಳಿದ್ದು ನೆನಪಾಗಿ ಇಲ್ಲಿಗೇ ಬಂದಳು. ಅವಳು ಆಟೋದವನಿಗೆ ನಿಲ್ಲಲು ಹೇಳುತ್ತಿದ್ದಾಗ, ಭಕ್ತಿ ಮೆಟ್ಟಿಲಿಗೆ ಓಡಿದ್ದಳು.

"ರವಿಕಿರಣಾ..." ಮತ್ತೆ ಅದೇ ದನಿ. ಈ ಸಲ ಮೊದಲಿನಿಂದ, ಹೊಸದಾಗಿ. ಹತ್ತಿರದಲ್ಲೇ ಯಾರೋ ಕೇಳುವವರಿದ್ದಾರೆ ಎಂದು ಗೊತ್ತಿದ್ದ ಹಾಗೆ.

"ಓ!" ಎಂದಿತು ಮಗುವಿನ ದನಿ. "ಅಪ್ಪ ಮೇಲಿದ್ದಾರೆ. ಕರೀಲಾ?"

ರವಿಕಿರಣನ ಕುರ್ಚಿ ಹಿಂದಕ್ಕೆ ಬಿತ್ತು.

"ನಿನ್ನ ಹೆಸರೇನು ಪುಟ್ಟಾ?"

"ಭಕ್ತಿ. ಭಕ್ತಿ ರವಿಕಿರಣ."

ದೀಪ ಆರಿತು. ಮೆಟ್ಟಿಲಿನದೂ, ಕೋಣೆಯದೂ. ಬೂದಿಯ ವಾಸನೆ ಗೋಡೆಯ ಹಾಗೆ ಒಳಗೆ ನುಗ್ಗಿತು. ರವಿಕಿರಣ ಬಾಗಿಲ ಕಡೆ ಓಡಿದ. ಮೇಜಿಗೆ ಎಡವಿದ. ಕಾಯಿಗಳು ನೆಲದ ತುಂಬ ಉರುಳಿದವು. ಮಗಳ ಹೆಸರು ಕೂಗಬೇಕು. ಕೂಗಬಾರದು. ಕೂಗಿದರೆ ಅವಳು ಓ ಎನ್ನುತ್ತಾಳೆ. ಯಾರಿಗೆ ಓ ಎಂದಂತಾಗುತ್ತದೆ? ಬಾಯಿ ಮುಚ್ಚಿಕೊಂಡ.

"ಭಕ್ತೀ..." ಕತ್ತಲು ಕರೆಯಿತು, ಮುಂದಿನ ಅಮಾವಾಸ್ಯೆಗೂ ಕಾಯದೆ. ಅವನದೇ ದನಿಯಲ್ಲಿ.

ಮಗು ಉಸಿರೆಳೆದುಕೊಂಡದ್ದು ಮೇಲಿನವರೆಗೆ ಕೇಳಿಸಿತು.

"ಓ!"

ಅದು ಮಗುವಿನದಲ್ಲ. ಒಡೆದ, ಮುದಿ ದನಿ. ಗೋಪಿನಾಥರಾಯರು ಲವಂಗ ಉಗಿದು, ಎಲ್ಲರಿಗಿಂತ ಮೊದಲು ಬಾಗಿಲಲ್ಲಿದ್ದರು. "ಓ! ನಾನ ಭಕ್ತಿ! ಬಂದೆ, ಬಂದೆ ತಡಿ!"

ಅವರ ಹೆಜ್ಜೆಗಳು ದಡದಡನೆ ಇಳಿದವು. ಒಂದು ಹೊರಳು. ಆಮೇಲೆ, ಒದ್ದೆ ಹಿಟ್ಟು ಸುರಿದಂಥ ಸದ್ದು.

ದೀಪ ಬಂದಾಗ ಭಕ್ತಿ ಮೆಟ್ಟಿಲ ನಡುವೆ ಗೋಡೆಗೊತ್ತಿ ನಿಂತಿದ್ದಳು. ತಲೆಯಿಂದ ಮೊಣಕಾಲವರೆಗೆ ಬೂದು ಶಾಲು ಹೊದಿಸಲಾಗಿತ್ತು. ಅವಳು ಏನನ್ನೂ ನೋಡಿರಲಿಲ್ಲ. ನಾಲ್ಕು ಮೆಟ್ಟಿಲು ಕೆಳಗೆ, ತಿರುವಿನಲ್ಲಿ, ರಾಯರು ಕೂತ ಹಾಗೆ ಬಿದ್ದಿದ್ದರು. ಬಾಯಿ ತುಂಬ ಬೂದಿ.

ಹದಿಮೂರನೆಯ ದಿನ ಚನ್ನಬಸಪ್ಪ ಕಾರ್ಖಾನೆಯ ಕ್ವಾರ್ಟರ್ಸಿಗೆ ಬಂದು, ರಾಯರ ಮನೆಯಲ್ಲಿ ಸಿಕ್ಕ ಬಿಸ್ಕತ್ತಿನ ಪೊಟ್ಟಣವನ್ನು ಭಕ್ತಿಯ ಕೈಯಲ್ಲಿಟ್ಟರು. ಹೊರಡುವಾಗ ರವಿಕಿರಣನನ್ನು ಗೇಟಿನವರೆಗೆ ಕರೆದರು.

"ಅವರು ಕೂಸಿನ ಹೆಸರು ತಗೊಂಡು ಹೋದ್ರು, ಸಾಹೇಬ್ರ. ಅದು ತೀರಿತು. ನಿಮ್ಮ ಹೆಸರು ಇನ್ನೂ ಅದರ ಹಂತೇಕ ಐತಿ." ಸ್ವಲ್ಪ ಹೊತ್ತು ಗೇಟಿನ ಸರಳು ಸವರಿದರು. "ಮುಟ್ಟಿದ ಕಾಯಿ ನಡಸಾಕ ಬೇಕಂತ ನೀವ ಅಂದಿದ್ರಿ. ಅಮಾಸಿಗೆ ಬರ್ರಿ. ನಾವೆಲ್ಲಾ ಇರ್ತೀವಿ. ನನಗೂ ಈಗ ಕಾಯಿ ಕಾಣಾಕತ್ತಾವ."

ಈ ಸಲ ರವಿಕಿರಣ ಮಗಳಿಗೆ ಎಲ್ಲವನ್ನೂ ಹೇಳಿದ. ವರ್ಷಾಳಿಗೂ ಹೇಳಿದ. ದಿನವೂ ಅಭ್ಯಾಸ ಮಾಡಿಸಿದ. ಸ್ನಾನದ ಮನೆಯ ಹೊರಗೆ, ಶಾಲೆಯ ಗೇಟಿನಲ್ಲಿ, ಅಡುಗೆಮನೆಯ ಆಚೆ ನಿಂತು ಕರೆಯುತ್ತಿದ್ದ. ಭಕ್ತಿ ಬೆರಳು ಮಡಿಚಿ ಎಣಿಸುತ್ತಿದ್ದಳು. ಮೂರನೆಯದಕ್ಕೆ ಓ ಎನ್ನುತ್ತಿದ್ದಳು. ಒಮ್ಮೆಯೂ ತಪ್ಪಲಿಲ್ಲ. "ನಾನೇ ಆದರೂ ಎರಡಕ್ಕೆ ಬಾಗಿಲು ತೆಗೀಬಾರದು," ಎಂದು ಆಣೆ ಹಾಕಿಸಿಕೊಂಡ. ದಿನ ಹೋದಂತೆ ಅವನ ಗಂಟಲು ಒಣಗತೊಡಗಿತು. ಮೂರನೆಯ ಸಲ ಕರೆಯುವಾಗ ಕೆಮ್ಮು ಬರುತ್ತಿತ್ತು. ಡಾಕ್ಟರು ಧೂಳಿನ ಅಲರ್ಜಿ ಎಂದರು.

ಅಮಾವಾಸ್ಯೆ ಬಂತು. ಹನ್ನೊಂದು ಮಂದಿ ಮುದುಕರೂ ಬಂದಿದ್ದರು. ಚನ್ನಬಸಪ್ಪ ಎದುರು ಕೂತು, ಕಪ್ಪು ಕನ್ನಡಕ ತೆಗೆದು, ಪ್ಯಾದೆಯನ್ನು ನಡೆಸಿದರು. ರವಿಕಿರಣ ಲವಂಗ ಕಚ್ಚಿ ಬಾಗಿಲು ನೋಡುತ್ತ ಕೂತ. ಆರೂಕಾಲು. ಆರೂವರೆ. ಆಟೋಗಳ ಹಾರನ್ನು ಒಂದು ಗಳಿಗೆಯೂ ನಿಲ್ಲಲಿಲ್ಲ. ಬೂದಿಯ ವಾಸನೆ ಬರಲಿಲ್ಲ. ಏಳಾಯಿತು.

ಆ ಸಂಜೆ ಯಾರೂ ಕರೆಯಲಿಲ್ಲ.

"ರಾಯರು ಎಲ್ಲಾನೂ ತಗೊಂಡ ಹೋದ್ರು ಕಾಣತೈತಿ," ಎಂದು ಒಬ್ಬರು ಕಣ್ಣೊರೆಸಿಕೊಂಡರು. ರವಿಕಿರಣ ಎಲ್ಲರ ಕೈ ಹಿಡಿದು ಒತ್ತಿದ. ಇಳಿಯುವಾಗ ತಿರುವಿನಲ್ಲಿ ನಿಂತು ಆ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ದಾರಿಯಲ್ಲಿ ಮಗಳಿಗೆಂದು ಉಸ್ಮಾನಿಯಾ ಬಿಸ್ಕತ್ತು ಕಟ್ಟಿಸಿಕೊಂಡ. ಎರಡು ತಿಂಗಳಲ್ಲಿ ಮೊದಲ ಸಲ ಯಾವುದನ್ನೂ ಎಣಿಸದೆ ಮನೆಗೆ ನಡೆದ.

ಕ್ವಾರ್ಟರ್ಸಿನಲ್ಲಿ ಕರೆಂಟು ಹೋಗಿತ್ತು. ಗಂಟೆ ಒತ್ತಿದ, ಸದ್ದಾಗಲಿಲ್ಲ. ಬಾಗಿಲ ಸಂದಿಯಲ್ಲಿ ಮೋಂಬತ್ತಿಯ ಬೆಳಕು ಅಲುಗುತ್ತಿತ್ತು.

"ಭಕ್ತೀ..."

ಒಳಗೆ ಪುಟ್ಟ ಹೆಜ್ಜೆಗಳು ಓಡಿ ಬಂದು ಬಾಗಿಲ ಹಿಂದೆ ನಿಂತವು. ಜಾಣೆ. ಮೊದಲನೆಯ ಬೆರಳು ಮಡಿಚುತ್ತಿದ್ದಾಳೆ. ಅವನು ಕತ್ತಲಲ್ಲೇ ನಕ್ಕ.

"ಭಕ್ತೀ..."

ಎರಡನೆಯ ಬೆರಳು.

ಬಾಯಿ ತೆರೆದ. ಉಸಿರು ಇರಲಿಲ್ಲ. ಎಳೆದುಕೊಂಡ. ಬರಲಿಲ್ಲ. ನಾಲಿಗೆಯ ಮೇಲೆ ಏನೋ ಒಣಗಿದ್ದು, ಮೆತ್ತಗಿನದು, ಕಹಿಯಾದದ್ದು. ಉಗಿದ. ಮತ್ತೆ ತುಂಬಿತು. ಸುಟ್ಟ ಕೂದಲಿನ ವಾಸನೆ. ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ವಾಸನೆ ಅವನದೇ. ಸಂಜೆ ಕ್ಲಬ್ಬಿನಲ್ಲಿ ಯಾರೂ ಕರೆಯಲಿಲ್ಲ ಏಕೆಂದು ಈಗ ತಿಳಿಯಿತು: ಅದು ಆಗಲೇ ಅವನೊಳಗಿತ್ತು. ಬಾಗಿಲು ಬಡಿಯಲು ಕೈ ಎತ್ತಿದ. ಕೈ ಹಲಗೆಗೆ ತಾಗಿತು. ಸದ್ದಿಲ್ಲದೆ ಉದುರಿತು.

ಒಂದು ಸಲ. ಇನ್ನು ಒಂದೇ ಒಂದು ಸಲ.

ಬಾಗಿಲಿನ ಆಚೆ, ಅಗುಳಿಯ ಮೇಲಿದ್ದ ಪುಟ್ಟ ಕೈ ಮೆಲ್ಲಗೆ ಕೆಳಗಿಳಿಯಿತು.

"ಅಮ್ಮಾ, ತೆಗೀಬೇಡ," ಎಂದು ಪಿಸುಗುಟ್ಟಿದಳು ಭಕ್ತಿ. "ಎರಡೇ ಸಲ."